ಒಂಟಿ ನಳಿಗೆ, ಜೋಡು ನಳಿಗೆ

ಇಳಕಲ್
೧೨-೩-೧೯೮೨

ಬಾಗಲಕೋಟೆಯ ಬಂದೂಕು ವ್ಯಾಪಾರಿ ಅಂದಾನಪ್ಪನವರಿಗೆ ಮಾಜಿ ಹವಾಲ್ದಾರ ಲಕ್ಷ್ಮಪ್ಪನ ನಮಸ್ಕಾರ.

ನಿಮಗೆ ನೆನಪಿದೆಯೋ ಇಲ್ಲವೋ, ಏಳು ವರ್ಷದ ಹಿಂದೆ ಪಲ್ಟನ್ನಿನಿಂದ ಬಂದ ಹೊಸತರಲ್ಲಿ ನಿಮ್ಮ ಅಂಗಡಿಯಿಂದ ಒಂಟಿ ನಳಿಗೆಯ ಒಂದು ಹಳೆ ಬಂದೂಕು ಕೊಂಡಿದ್ದೆ. ಸ್ವಂತ ಬಂದೂಕು ಇದ್ದುದಕ್ಕೇ ಇಲ್ಲಿನ ಬ್ಯಾಂಕಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಅಂದಿನಿಂದ ಅದೇ ಬಾಗಿಲಲ್ಲಿ ನಿಂತಿದ್ದೇನೆ.

ಈಗ ಹೊಸ ಮ್ಯಾನೇಜರು ಬಂದಿದ್ದಾರೆ. ಮೊನ್ನೆ ನನ್ನ ಬಂದೂಕನ್ನು ಮೇಲೆ ಕೆಳಗೆ ನೋಡಿ, "ಇದೇನ್ರಿ, ದನಾ ಕಾಯೋ ಬಡಿಗಿ ಇದ್ದಂಗ ಐತಿ" ಎಂದರು. ದೀಪಾವಳಿಯೊಳಗೆ ಜೋಡು ನಳಿಗೆಯದು ತಂದರೆ ಕಾವಲಿನ ಕೆಲಸ, ಇಲ್ಲದಿದ್ದರೆ ಜವಾನನ ಕೆಲಸ. ಜವಾನನಾದರೆ ತಿಂಗಳಿಗೆ ಎಂಬತ್ತೈದು ರೂಪಾಯಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಹದಿನೈದು ವರ್ಷ ದೇಶ ಕಾದವನು ನೀರಿನ ಗ್ಲಾಸು ಹಿಡಿದು ಓಡಾಡಬೇಕು.

ಜೋಡು ನಳಿಗೆಗೆ ಏನು ಬೆಲೆ? ಹಳೆಯದನ್ನು ಬದಲಿಗೆ ಕೊಟ್ಟರೆ ಎಷ್ಟು ಕಳೆಯುತ್ತೀರಿ? ಅಷ್ಟು ಹಣ ಹಾಕುವುದು ಉಚಿತವೋ ಅಲ್ಲವೋ, ವ್ಯಾಪಾರಿಯಾಗಿ ಅಲ್ಲ, ತಿಳಿದವರಾಗಿ ಹೇಳಿರಿ.

ಲಕ್ಷ್ಮಪ್ಪ


ಬಾಗಲಕೋಟೆ
೧೮-೩-೧೯೮೨

ಹವಾಲ್ದಾರರಿಗೆ ಶರಣು ಶರಣಾರ್ಥಿ.

ನಿಮ್ಮನ್ನು ಮರೆಯುವುದೆಂದರೇನು! ಮೀಸೆ ನೋಡಿಯೇ ಅಂದು ಐವತ್ತು ರೂಪಾಯಿ ಬಿಟ್ಟಿದ್ದೆ. ಮೀಸೆ ಇನ್ನೂ ಇದೆಯಷ್ಟೆ?

ತಿಳಿದವನಾಗಿ ಹೇಳು ಎಂದಿರಿ. ವ್ಯಾಪಾರಿ ಮತ್ತು ತಿಳಿದವ, ಇಬ್ಬರೂ ಇಲ್ಲಿ ಒಂದೇ ಗಾದಿಯ ಮೇಲೆ ಕೂತಿದ್ದಾರೆ, ಏನು ಮಾಡಲಿ! ಖರೆ ಹೇಳಬೇಕೆಂದರೆ, ಬ್ಯಾಂಕಿನ ಬಾಗಿಲಿಗೆ ಒಂಟಿ ಸಾಕು. ಕಳ್ಳನೇನು ನಳಿಗೆ ಎಣಿಸಿ ಬರುವುದಿಲ್ಲ. ಆದರೆ ಮ್ಯಾನೇಜರು ಎಣಿಸುತ್ತಾರೆ, ಸಂಬಳ ಕೊಡುವವರು ಅವರು. ಆದ್ದರಿಂದ ತೆಗೆದುಕೊಳ್ಳಿರಿ.

ಹೊಸದು ಮೂರು ಸಾವಿರದ ಇನ್ನೂರು. ಹಳೆಯದನ್ನು ತಂದು ನನ್ನ ಕೈಗೆ ಕೊಡಿರಿ, ಹಿತ್ತಲಲ್ಲಿ ಎರಡು ಗುಂಡು ಹಾರಿಸಿ ನೋಡಿ ಬೆಲೆ ಕಟ್ಟುತ್ತೇನೆ. ಹಾರಿಸದೆ ನಾನು ಬೆಲೆ ಕಟ್ಟುವವನಲ್ಲ. ಸೋಮವಾರ ಅಂಗಡಿ ಬಂದ್, ಉಳಿದ ದಿನ ಯಾವಾಗ ಬಂದರೂ ಚಹಾ ತಯಾರು.

ಅಂದಾನಪ್ಪ


ಇಳಕಲ್
೯-೪-೧೯೮೨

ಅಂದಾನಪ್ಪನವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಮಾರ್ಚ್ ಕೊನೆಯೆಂದರೆ ಬ್ಯಾಂಕಿನಲ್ಲಿ ರಜೆ ಸಿಗುವುದಿಲ್ಲ. ಈಗಲೂ ಬಸ್ಸಿನಲ್ಲಿ ಬಂದೂಕು ಹಿಡಿದು ಬರುವುದು ತ್ರಾಸು. ಕಳೆದ ಸಲ ಹುನಗುಂದ ಸ್ಟ್ಯಾಂಡಿನಲ್ಲಿ ಕಂಡಕ್ಟರ ಇಳಿಸಿಬಿಟ್ಟಿದ್ದ.

ಆ ಬಂದೂಕು ನೀವೇ ಮಾರಿದ್ದು. ನಿಮಗೆ ಗೊತ್ತಿರದ್ದು ಅದರಲ್ಲಿ ಏನಿದೆ? ಹಾರಿಸದೆಯೇ ಒಂದು ಬೆಲೆ ಹೇಳಿಬಿಡಿರಿ. ನೂರು ಹೆಚ್ಚು ಕಡಿಮೆಗೆ ನಾನು ಜಗ್ಗಾಡುವುದಿಲ್ಲ.

ಮನೆಯಲ್ಲಿ ಹೆಂಡತಿ ಪದ್ಮವ್ವನಿಗೆ ವಿಷಯ ಹೇಳಿದೆ. ಅವಳು ಮಗ್ಗದಿಂದ ತಲೆ ಎತ್ತದೆ, "ಒಂದಕ್ಕ ಕೆಲಸಿಲ್ಲ, ಎರಡು ಯಾಕ?" ಎಂದಳು.

ಲಕ್ಷ್ಮಪ್ಪ


ಬಾಗಲಕೋಟೆ
೧೫-೪-೧೯೮೨

ಹವಾಲ್ದಾರರೇ,

ನನಗೆ ಎಲ್ಲಾ ತಿಳಿಯಿತು. ಹುಬ್ಬಳ್ಳಿಯ ಅಂಗಡಿಯವರು ನಿಮಗೆ ಏನೋ ಬೆಲೆ ಹೇಳಿದ್ದಾರೆ, ನನ್ನ ಬಾಯಿಂದ ಒಂದು ಅಂಕಿ ತೆಗೆಸಿ ಅಲ್ಲಿಗೆ ಒಯ್ಯಬೇಕೆಂದು ಕೂತಿದ್ದೀರಿ. ಒಯ್ಯಿರಿ! ನಮ್ಮಪ್ಪನ ಕಾಲದ ಅಂಗಡಿ ಇದು. ಹೋದವರು ತಿರುಗಿ ಬಂದದ್ದನ್ನೂ ನೋಡಿದ್ದೇನೆ.

ಸಿಟ್ಟಿನಲ್ಲಿ ಬರೆದೆ, ಬಿಡಿರಿ. ಇನ್ನೂರು ಇಳಿಸುತ್ತೇನೆ, ಮೂರು ಸಾವಿರ. ಆದರೆ ಹಳೆಯದನ್ನು ತರಲೇಬೇಕು.

ಇನ್ನೊಂದು ಮಾತು. ನಿನ್ನೆ ತೋಟಾ ಮಾರಿದ ಬುಕ್ಕು ತಿರುವುತ್ತಿದ್ದೆ. ೭೫ರಲ್ಲಿ ನೀವು ಹತ್ತು ತೋಟಾ ಒಯ್ದಿದ್ದೀರಿ. ಆಮೇಲೆ ನಿಮ್ಮ ಹೆಸರೇ ಇಲ್ಲ. ಏಳು ವರ್ಷದ ತೋಟಾ ಹಸಿ ಹಿಡಿದು ಹಪ್ಪಳ ಆಗಿರುತ್ತವೆ. ಅವನ್ನು ಹಾರಿಸಿದಿರಾ, ಇಟ್ಟುಕೊಂಡು ಪೂಜೆ ಮಾಡಿದಿರಾ?

ಮತ್ತೆ ಆ ಬಂದೂಕಿನ ಕುದುರೆ ಹೇಗಿದೆ? ಹಿಂದೆ ಎತ್ತಿ ಬಿಟ್ಟರೆ ಬಡಿಯುತ್ತದಲ್ಲ, ಅದು. ಸಡಿಲಾಗಿಲ್ಲವಷ್ಟೆ? ಸುಮ್ಮನೆ ಕೇಳಿದೆ.

ಅಂದಾನಪ್ಪ


ಇಳಕಲ್
೨-೬-೧೯೮೨

ಅಂದಾನಪ್ಪನವರಿಗೆ,

ಹುಬ್ಬಳ್ಳಿ ಅಂಗಡಿಯನ್ನು ನಾನು ನೋಡಿಲ್ಲ.

ಹೊಸ ಸುದ್ದಿ ಇದೆ. ಈ ಭಾಗದ ಎಲ್ಲ ಶಾಖೆಗಳ ಕಾವಲುಗಾರರು ಜುಲೈ ೧೧, ರವಿವಾರ, ಬಾಗಲಕೋಟೆಯ ಗುಡ್ಡದ ಮಗ್ಗುಲಿನ ಮೈದಾನಕ್ಕೆ ತಮ್ಮ ತಮ್ಮ ಬಂದೂಕು ತಂದು ಸಾಹೇಬರ ಎದುರು ಐದು ಗುಂಡು ಹಾರಿಸಿ ತೋರಿಸಬೇಕಂತೆ. ಹಾರಿಸುವ ಮೊದಲು ತಿಳಿದವರೊಬ್ಬರು ಬಂದೂಕುಗಳನ್ನು ಬಿಚ್ಚಿ ನೋಡುತ್ತಾರಂತೆ. ಅವರು ಯಾರೆಂದು ನಿಮಗೇನಾದರೂ ಗೊತ್ತೇ?

ಲಕ್ಷ್ಮಪ್ಪ


ಬಾಗಲಕೋಟೆ
೮-೬-೧೯೮೨

ಹವಾಲ್ದಾರರೇ,

ಗೊತ್ತು. ಅವನು ನಾನೇ. ಊರಲ್ಲಿ ಇನ್ಯಾರಿದ್ದಾರೆ?

ಇನ್ನು ಹುಡುಗಾಟ ಸಾಕು. ಮೂರು ತಿಂಗಳಿಂದ ಬಂದೂಕನ್ನು ನನಗೆ ತೋರಿಸದೆ ತಪ್ಪಿಸಿಕೊಳ್ಳುತ್ತಿದ್ದೀರಿ. ಏಳು ವರ್ಷ ತೋಟಾ ಕೊಂಡಿಲ್ಲ. ಆ ಬಂದೂಕಿಗೆ ಏನಾಗಿದೆ? ನಾಲ್ಕು ಜನರ ಎದುರು ನನಗೆ ತಿಳಿಯುವುದಕ್ಕಿಂತ ಮೊದಲೇ ತಿಳಿದರೆ ಇಬ್ಬರಿಗೂ ಒಳ್ಳೆಯದು. ಕಾರ್ಡಿನಲ್ಲಿ ಬರೆಯಬೇಡಿರಿ, ನಮ್ಮ ಪೋಸ್ಟಮನ್ ಓದಿಯೇ ಕೊಡುವುದು. ಮುಚ್ಚಿದ ಕಾಗದ ಹಾಕಿರಿ.

ಅಂದಾನಪ್ಪ


ಇಳಕಲ್
೧೪-೬-೧೯೮೨

ಅಂದಾನಪ್ಪನವರಿಗೆ,

ಆ ಬಂದೂಕಿಗೆ ಮೊಳೆ ಇಲ್ಲ. ಕುದುರೆ ಬಡಿದಾಗ ತೋಟಾದ ಬೆನ್ನಿಗೆ ಚುಚ್ಚುವ ಮೊಳೆ. ಆರು ವರ್ಷದಿಂದ ಇಲ್ಲ. ಆರು ವರ್ಷದಿಂದ ನಾನು ಬ್ಯಾಂಕಿನ ಬಾಗಿಲಲ್ಲಿ ಹಿಡಿದು ನಿಂತಿರುವುದು ಬರೀ ಕಬ್ಬಿಣ ಮತ್ತು ಕಟ್ಟಿಗೆ.

೧೯೭೬ರ ಮಹಾನವಮಿ. ನಮ್ಮಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಹಿಡಿದು ಮಗ್ಗದ ಲಾಳಿಯವರೆಗೆ ಎಲ್ಲವನ್ನೂ ತೊಳೆದು ಜಗಲಿಯ ಮೇಲೆ ಇಡುತ್ತೇವೆ. ಬಂದೂಕು ಬಂದ ಮೇಲೆ ಅದೂ ಅಲ್ಲೇ. ದಿನಾ ಬ್ಯಾಂಕು ಬಿಡುವಾಗ ತೋಟಾ ತೆಗೆದು ಕಿಸೆಗೆ ಹಾಕಿಕೊಳ್ಳುವುದು ನನ್ನ ರೂಢಿ. ಅವತ್ತು ಬ್ಯಾಂಕಿನಲ್ಲೂ ಪೂಜೆ, ಮಂಡಕ್ಕಿ ಹಂಚಿಕೆ, ಗದ್ದಲ. ಮನೆಯಲ್ಲಿ ಆರತಿ ತಡವಾಗುತ್ತದೆಂದು ಓಡುತ್ತ ಬಂದೆ. ತೋಟಾ ತೆಗೆಯಲಿಲ್ಲ. ಹಾಗೇ ಗೋಡೆಗೆ ಆನಿಸಿ ಇಟ್ಟೆ.

ಮಗಳು ಹುಚ್ಚವ್ವನಿಗೆ ಆಗ ನಾಲ್ಕು ವರ್ಷ. ತಾಯಿ ಎಲ್ಲದಕ್ಕೂ ಕುಂಕುಮ ಹಚ್ಚುವುದನ್ನು ನೋಡಿ ತಾನೂ ಹಚ್ಚಲು ಹೋದಳು. ಬಂದೂಕು ಜಾರಿ ಬಿತ್ತು, ಹಾರಿತು. ತೋಟಾದೊಳಗಿನ ಚರೆಗುಂಡೆಲ್ಲ ಮೋಟು ಗೋಡೆ ದಾಟಿ ಪಕ್ಕದ ಮನೆಯ ಸಂಗವ್ವನ ಮಗ್ಗದ ಹಾಸು ನೂಲು ಹರಿದವು. ಅವಳ ಮೊಮ್ಮಗನ ತೊಟ್ಟಿಲು ಅಲ್ಲಿಂದ ಎರಡು ಮೊಳ. ದೇವರು ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ. ಸಂಗವ್ವ ಈವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಪಟಾಕಿ ಎಂದೇ ಓಣಿಗೆ ಹೇಳಿದಳು.

ಹುಚ್ಚವ್ವನ ಮೈಮೇಲೆ ಒಂದು ಗೀರು ಇರಲಿಲ್ಲ. ನಾವು ಬದುಕಿದೆವು ಅಂದುಕೊಂಡೆವು. ಎಂಟು ದಿನದ ಮೇಲೆ ಪದ್ಮವ್ವ ಹೇಳಿದಳು, "ಎಡಗಡೆಯಿಂದ ಕರದ್ರ ಕೂಸು ತಿರಗವಲ್ದು." ದವಾಖಾನೆಗೆ ಒಯ್ದೆವು. ಆ ಕಿವಿ ಹೋಗಿದೆ ಎಂದರು.

ಆ ರಾತ್ರಿಯೇ ಮೊಳೆ ಬಿಚ್ಚಿ ಪದ್ಮವ್ವನ ಕೈಗೆ ಕೊಟ್ಟೆ. ನೀನು ಕೊಡುವವರೆಗೆ ನಾನು ಕೇಳುವುದಿಲ್ಲ ಎಂದೆ. ಎಲ್ಲಿಟ್ಟಿದ್ದಾಳೆಂದು ನನಗೂ ಹೇಳಿಲ್ಲ.

ಈಗಲೂ ಪ್ರತಿ ಮಹಾನವಮಿಗೆ ಮಗಳ ಎಡಗಡೆ ಹಿಂದೆ ಹೋಗಿ ನಿಂತು ಸಣ್ಣಗೆ ಹೆಸರು ಹಿಡಿದು ಕರೆಯುತ್ತೇನೆ. ತಿರುಗುವುದಿಲ್ಲ. ಇದನ್ನು ಪದ್ಮವ್ವನಿಗೂ ಹೇಳಿಲ್ಲ, ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ.

ಲಕ್ಷ್ಮಪ್ಪ


ಬಾಗಲಕೋಟೆ
೨೦-೬-೧೯೮೨

ಹವಾಲ್ದಾರರಿಗೆ,

ಕಾಗದ ಮುಟ್ಟಿತು. ಓದಿ ಸಂಕಟವಾಯಿತು. ತೋಟಾ ತೆಗೆಯದೆ ಬಿಟ್ಟದ್ದು ತಪ್ಪೇ, ಆದರೆ ಯಾರ ಕೈಯಿಂದ ತಪ್ಪಾಗುವುದಿಲ್ಲ? ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ.

ಈಗ ಕೆಲಸದ ಮಾತು. ಹತ್ತನೇ ತಾರೀಖು ಶನಿವಾರ ಸಂಜೆಯೇ ನನ್ನಲ್ಲಿಗೆ ಬಂದುಬಿಡಿರಿ. ಮೊಳೆ ಕೂರಿಸಲು ಹತ್ತು ಮಿನಿಟು. ಮರುದಿನ ಐದು ಗುಂಡು ಹಾರಿಸಿರಿ, ನಾನು ತೆಗೆದುಬಿಡುತ್ತೇನೆ. ಮನೆಯವರಿಗೆ ಗೊತ್ತಾಗುವುದೇ ಬೇಡ. ನೌಕರಿ ಉಳಿಯುತ್ತದೆ. ಜೋಡು ನಳಿಗೆಯ ಮಾತು ದೀಪಾವಳಿಗೆ ನೋಡೋಣ.

ಅಂದಾನಪ್ಪ


ಇಳಕಲ್
೨೭-೬-೧೯೮೨

ಅಂದಾನಪ್ಪನವರಿಗೆ,

ನಿಮ್ಮ ಮಾತು ನನ್ನ ಒಳ್ಳೆಯದಕ್ಕೇ. ಆದರೆ ಪದ್ಮವ್ವನಿಗೆ ಗೊತ್ತಿಲ್ಲದೆ ಮೊಳೆ ಹಾಕಿಸುವುದಿಲ್ಲ. ಕೇಳಿದೆ. "ಐದು ಗುಂಡಿನ ಸಲುವಾಗಿ ಇವತ್ತ ಕೊಟ್ರ ನಾಳೆ ಆರನೇದ್ದಕ್ಕ ಏನ ಹೇಳ್ಲಿ? ಒಲ್ಲೆ" ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ೧೧ಕ್ಕೆ ಬಂದು ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ತಪ್ಪು ನನ್ನದೆಂದು ಬರೆದಿರಿ, ಹೌದು. ನನಗೆ ತಿಳಿಯದ್ದು ಒಂದೇ. ಹದಿನೈದು ವರ್ಷ ರೈಫಲ್ಲು ಹಿಡಿದವನು ನಾನು, ಬರೀ ಬಿದ್ದದ್ದಕ್ಕೆ ಹಾರಿದ ಬಂದೂಕನ್ನು ನೋಡಿಲ್ಲ. ಅಂದಮೇಲೆ ನಾನೇ ಕುದುರೆ ಎತ್ತಿ ಇಟ್ಟಿರಬೇಕು. ಎತ್ತಿದ ನೆನಪಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಆ ಸಂಜೆಯನ್ನು ತಿರುವಿ ನೋಡಿದ್ದೇನೆ, ನನ್ನ ಹೆಬ್ಬೆರಳು ಕುದುರೆಯ ಮೇಲೆ ಹೋದದ್ದು ಕಾಣುವುದಿಲ್ಲ. ಆದರೂ ಎತ್ತಿರಬೇಕು. ಪದ್ಮವ್ವನಿಗೂ ಹಾಗೆಯೇ ಹೇಳಿದ್ದೇನೆ. ಆರು ವರ್ಷದಿಂದ ಅವಳು ನನಗೆ ಊಟಕ್ಕೆ ಬಡಿಸುವಾಗ ಮುಖ ನೋಡುವುದಿಲ್ಲ.

ಲಕ್ಷ್ಮಪ್ಪ


ಬಾಗಲಕೋಟೆ
೧೩-೭-೧೯೮೨

ಲಕ್ಷ್ಮಪ್ಪನವರಿಗೆ,

ಮೊನ್ನೆ ಮೈದಾನದಲ್ಲಿ ನೀವು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಹಿಮ್ಮಡಿ ಕೂಡಿಸಿ ನಿಂತು, "ಸಾಹೇಬ್ರ, ಇದಕ್ಕ ಮೊಳಿ ಇಲ್ಲ. ಆರು ವರ್ಷದ ಹಿಂದ ನಾನ ತಗದೇನಿ" ಎಂದಿರಿ. ಎಲ್ಲರೂ ನಕ್ಕರು. ಬಾದಾಮಿ ಶಾಖೆಯವನು, "ಲೇ, ಆರು ವರ್ಷ ಬಡಿಗಿ ಹಿಡ್ಕೊಂಡು ಪಗಾರ ತಿಂದಿ ಅನ್ನು!" ಎಂದು ಕೂಗಿದ. ನೀವು ಅತ್ತ ತಿರುಗಿಯೂ ನೋಡಲಿಲ್ಲ. ನಾನು ಕಾಗದದ ಮೇಲೆ "ಮೊಳೆ ಇಲ್ಲ, ನಿರುಪಯೋಗಿ" ಎಂದು ಬರೆದು ಸಹಿ ಹಾಕಿದೆ. ಸಂಜೆ ನೀವು ಬಂದೂಕನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಇಟ್ಟು, ರಸೀದಿ ಬೇಡ ಎಂದು ಬಸ್ಸಿಗೆ ನಡೆದಿರಿ. ನಿಮ್ಮ ಬೆನ್ನು ನೋಡುತ್ತ ಕೂತೆ.

ಲಕ್ಷ್ಮಪ್ಪನವರೇ, ನೀವು ಕುದುರೆ ಎತ್ತಿರಲಿಲ್ಲ.

ಆ ಬಂದೂಕನ್ನು ನಿಮಗಿಂತ ಮೊದಲು ಗುಳೇದಗುಡ್ಡದ ಕಡೆಯ ಒಬ್ಬ ರೈತ ಒಯ್ದಿದ್ದ. ತಿಂಗಳಲ್ಲಿ ತಿರುಗಿ ತಂದ. "ಸಾವ್ಕಾರ್ರ, ಇದು ಬಿದ್ರ ಹಾರ್ತೈತಿ. ಗಾಡಿಯಿಂದ ಜಾರಿ ಬಿದ್ದು ನನ್ನ ಎತ್ತಿನ ಕಾಲಾಗ ಚರೆ ಹೊಕ್ಕಾವ" ಎಂದ. ನಾನು ಬಿಚ್ಚಿ ನೋಡಿದೆ. ಕುದುರೆ ಯಾವಾಗಲೂ ಮೊಳೆಯ ಮೇಲೇ ಆತು ಕೂರುತ್ತಿತ್ತು, ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗು ಸತ್ತಿತ್ತು, ಬಿದ್ದ ಪೆಟ್ಟಿಗೇ ಮೊಳೆ ತೋಟಾಕ್ಕೆ ಚುಚ್ಚುತ್ತಿತ್ತು. ಹೊಸ ಸ್ಪ್ರಿಂಗಿಗೆ ನಲವತ್ತು ರೂಪಾಯಿ, ತರಿಸಲು ಒಂದು ತಿಂಗಳು. ಅಷ್ಟರಲ್ಲಿ ನೀವು ಬಂದಿರಿ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಬಂದೂಕು, ಇದು ಎಲ್ಲಿ ಬೀಳುತ್ತದೆ, ಯಾರು ಹಾರಿಸುತ್ತಾರೆ ಎಂದುಕೊಂಡು ಕಟ್ಟಿಕೊಟ್ಟೆ. ಮೀಸೆ ನೋಡಿ ಐವತ್ತು ಬಿಟ್ಟೆ ಎಂದದ್ದು ಸುಳ್ಳು. ಕೆಟ್ಟದ್ದೆಂದು ಗೊತ್ತಿದ್ದುದಕ್ಕೆ ಬಿಟ್ಟೆ.

ನಿಮ್ಮ ಜೂನ್ ತಿಂಗಳ ಕಾಗದ ಓದಿದಾಗಲೇ ಇದು ತಿಳಿದಿತ್ತು. ತಿಳಿದೂ ತಪ್ಪು ನಿಮ್ಮದೆಂದು ಬರೆದೆ. ಹೇಡಿ ನಾನು. ಮೈದಾನದಲ್ಲಿ ಎಲ್ಲರೂ ನಗುವಾಗ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ.

ಜೋಡು ನಳಿಗೆಯ ಹೊಸ ಬಂದೂಕು ನಿಮ್ಮ ಹೆಸರಿಗೆ ತೆಗೆದಿಟ್ಟಿದ್ದೇನೆ. ಒಂದು ಪೈಸೆ ಬೇಡ. ಅದನ್ನು ಮನೆಗೆ ಒಯ್ಯಬೇಡಿರಿ, ಸಂಜೆ ಬ್ಯಾಂಕಿನ ತಿಜೋರಿ ಕೋಣೆಯಲ್ಲೇ ಇಟ್ಟು ಬರಬಹುದು. ಮ್ಯಾನೇಜರಿಗೂ ನನ್ನ ತಪ್ಪನ್ನು ಬರೆದು ಕಳಿಸಿದ್ದೇನೆ. ನನ್ನ ಅಂಗಡಿಯ ಲೈಸನ್ಸಿಗೆ ಏನಾಗುತ್ತದೋ ಆಗಲಿ.

ಅಂದಾನಪ್ಪ


ಬಾಗಲಕೋಟೆ
೧೬-೮-೧೯೮೨

ಲಕ್ಷ್ಮಪ್ಪನವರಿಗೆ,

ತಿಂಗಳಾಯಿತು, ಉತ್ತರವಿಲ್ಲ. ಬೈದು ಬರೆದರೂ ಸರಿ, ಬರೆಯಿರಿ. ಮ್ಯಾನೇಜರು ಉತ್ತರ ಕೊಟ್ಟಿದ್ದಾರೆ. ನೀವು ಒಂದನೇ ತಾರೀಖಿನಿಂದ ಜವಾನರಾಗಿದ್ದೀರಂತೆ. ದೀಪಾವಳಿಯೊಳಗೆ ಜೋಡು ನಳಿಗೆ ತಂದರೆ ಮತ್ತೆ ಕಾವಲಿಗೆ ತೆಗೆದುಕೊಳ್ಳುತ್ತಾರಂತೆ. ಬಂದೂಕು ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದೇನೆ.

ಅಂದಾನಪ್ಪ


ಇಳಕಲ್
೪-೧೦-೧೯೮೨

ಬಾಗಲಕೋಟಿ ಅಂದಾನಪ್ಪಣ್ಣಾರಿಗೆ ಲಕ್ಷ್ಮಪ್ಪನ ಹೇಣ್ತಿ ಪದ್ಮವ್ವ ಮಾಡುವ ನಮಸ್ಕಾರ.

ನನಗ ಬರ್ಯಾಕ ಬರೂದಿಲ್ಲ. ನಾ ಹೇಳತೇನಿ, ಮಗಳು ಹುಚ್ಚವ್ವ ಬರೀತಾಳ. ಐದನೇತ್ತೆ ಓದತಾಳ, ಅಕ್ಷರ ದುಂಡಗ ಅದಾವ. ಬೇಕಂತನ ಆಕಿ ಕೈಲೆ ಬರಸಾಕ್ಹತ್ತೇನಿ. ತನ್ನ ಕಿವಿ ಸುದ್ದಿ ಆಕಿಗೂ ಗೊತ್ತಾಗ್ಲಿ.

ನಿಮ್ಮ ಕಾಗದ ನಮ್ಮವರು ನನಗ ಓದಿ ಹೇಳಲಿಲ್ಲ. ಅಂಗಿ ಕಿಸೇದಾಗ ಇಟ್ಕೊಂಡು ಎರಡು ತಿಂಗಳು ತಿರುಗ್ಯಾರ. ಅಂಗಿ ಒಗ್ಯಾಕ ತಗೊಂಡಾಗ ಸಿಕ್ತು, ಸಂಗವ್ವನ ಸೊಸಿ ಕಡೆ ಓದಿಸಿದೆ. ಯಾಕ ಹೇಳಲಿಲ್ಲ ಅಂತ ಕೇಳಿದ್ರ, "ತೋಟಾ ಬಿಟ್ಟಾಂವ ನಾನ ಅಲ್ಲೇನ? ಅವನ ಹೆಸರು ಹೇಳಿ ನಾ ಯಾಕ ಪಾರಾಗ್ಲಿ" ಅಂದ್ರು. ನೋಡ್ರಿ, ಇಂಥಾ ಮನಿಶ್ಯಾ.

ಅಣ್ಣಾರ, ನಿಮಗ ಮಾಫಿ ಮಾಡೇನಿ ಅಂತ ಬರಸಾಕ ಮನಸ್ಸು ಒಪ್ಪವಲ್ದು. ಭಾಳ ಸಿಟ್ಟು ಐತಿ. ನಲವತ್ತ ರೂಪಾಯಿ! ಅವತ್ತ ಹೇಳಿದ್ರ ಮಗ್ಗದಾಗ ಕೂತು ಹದಿನೈದು ದಿನದಾಗ ನಾನ ದುಡದು ಕೊಡ್ತಿದ್ದೆ. ಆದ್ರ ಒಂದು ಮಾತು ಹೇಳ್ಬೇಕು. ಆರು ವರ್ಷ ನಾ ನನ್ನ ಗಂಡನ ಮ್ಯಾಲೆ ಸಿಟ್ಟು ಹಿಡದು ಕೂತೆ. ಆ ಸಿಟ್ಟಿನ್ಯಾಗ ಅರ್ಧಾ ತಪ್ಪು ವಿಳಾಸಕ್ಕ ಹೋಗಿತ್ತು ಅಂತ ನಿಮ್ಮ ಕಾಗದದಿಂದ ಗೊತ್ತಾತು. ನೀವು ಬರೀದಿದ್ರ ಸಾಯೂತನ ಹಂಗ ಇರ್ತಿದ್ದೆ. ಅಷ್ಟು ಮಾತ್ರ ನಿಮ್ಮ ಉಪಕಾರ.

ಹೊಸ ಬಂದೂಕು ಬ್ಯಾಡ್ರಿ. ನಾ ಬ್ಯಾಡ ಅಂದದ್ದಲ್ಲ. ತಿಜೋರಿ ಕೋಣ್ಯಾಗ ಇಡೂದಿದ್ರ ತಗೋರಿ ಅಂತ ನಾನ ಹೇಳಿದೆ. ಒಪ್ಪಲಿಲ್ಲ. "ಆರು ವರ್ಷ ಮೊಳಿ ಇಲ್ಲದ ನಿಂತೆ. ಒಂದ ದಿನ ಬಂದೂಕು ಬೇಕಾಗಲಿಲ್ಲ, ನಾ ನಿಂತದ್ದ ಸಾಕಾತು. ಅದಕ್ಕ ಮೂರ ಸಾವಿರ ಯಾಕ, ನಿಮ್ದಾಗ್ಲಿ ನಮ್ದಾಗ್ಲಿ" ಅಂದ್ರು. ಮೊದಲ ದಿನ ಟೊಪಿಗಿ ಇಲ್ಲದ ಬ್ಯಾಂಕಿಗೆ ಹೋಗುವಾಗ ಕಣ್ಣಾಗ ನೀರು ತಂದ್ರು, ಸುಳ್ಳ ಹೇಳೂದಿಲ್ಲ. ಈಗ ರೂಢಿ ಆಗೇತಿ. ಮ್ಯಾನೇಜರ್ ಸಾಹೇಬ್ರು ಗಿರಾಕಿ ಗದ್ದಲ ಮಾಡಿದ್ರ ಇನ್ನೂ ಇವರನ್ನ ಕರೀತಾರಂತ. ಎಂಬತ್ತೈದು ರೂಪಾಯಿ ಕಡಿಮಿ ಬಿದ್ದದ್ದಕ್ಕ ನಾ ತಿಂಗಳಿಗೆ ಒಂದು ಸೀರಿ ಹೆಚ್ಚಿಗಿ ನೇಯ್ತೇನಿ.

ಹಳೇ ಬಂದೂಕು ಯಾರಿಗೂ ಮಾರಬ್ಯಾಡ್ರಿ. ಕಮ್ಮಾರನ ಕಡೆ ಕೊಟ್ಟು ಮುರಸ್ರಿ. ಮೊಳಿ ಕೇಳಬ್ಯಾಡ್ರಿ, ಕೊಡೂದಿಲ್ಲ. ಅದು ನಮ್ಮ ಮಗ್ಗದಾಗ ಐತಿ. ಹಾಸು ಸುತ್ತೋ ದಿಂಡು ಜಾರತಿತ್ತು, ಅದರ ತೂತಿಗೆ ಹಾಕೇನಿ. ಆರು ವರ್ಷದಿಂದ ಗಟ್ಟಿ ಹಿಡದೈತಿ. ನಮ್ಮವರು ದಿನಾ ಅದರ ಮಗ್ಗಲ್ದಾಗ ಕೂತು ಚಹಾ ಕುಡೀತಿದ್ರು, ಒಂದಿನಾನೂ ಕಾಣಲಿಲ್ಲ!

ಮಹಾನವಮಿ ಹಬ್ಬಕ್ಕ ಬರ್ರಿ. ಸಿಟ್ಟಿದ್ರೂ ಹೋಳಿಗಿ ಮಾಡ್ತೇನಿ. ನಿಮ್ಮ ತಪ್ಪು ನಿಮ್ಮ ಬಾಯಿಲೆ ಹುಚ್ಚವ್ವನ ಮುಂದ ಹೇಳ್ರಿ.

ಪದ್ಮವ್ವ

ಕಾಕಾ, ಇದು ನಾ ಹುಚ್ಚವ್ವ ಬರೆಯುವುದು. ಅವ್ವ ಒಲೆಯ ಕಡೆ ಹೋಗಿದ್ದಾಳೆ. ಎಲ್ಲಾ ಬರೆದೆ, ಒಂದು ಅಕ್ಷರ ಬಿಟ್ಟಿಲ್ಲ. ಜ್ವರ ಬಂದು ಕಿವಿ ಹೋಯಿತು ಅಂತ ನನಗೆ ಹೇಳಿದ್ದರು.

ನಿಮಗೆ ಒಂದು ಮಾತು ಹೇಳುತ್ತೇನೆ. ಪ್ರತಿ ಮಹಾನವಮಿಗೆ ಅಪ್ಪ ನನ್ನ ಎಡಗಡೆ ಹಿಂದೆ ಬಂದು ನಿಲ್ಲುತ್ತಾನೆ. ಕರೆಯುವುದು ನನಗೆ ಕೇಳಿಸುವುದಿಲ್ಲ. ಆದರೆ ಉಸಿರು ಕಿವಿಗೆ ಬೆಚ್ಚಗೆ ತಾಗುತ್ತದೆ, ಅದಕ್ಕೆ ಗೊತ್ತಾಗುತ್ತದೆ. ತಿರುಗಿದರೆ ಕೇಳಿತು ಅಂತ ತಿಳಿಯುತ್ತಾನೆ, ಅದಕ್ಕೆ ಸುಮ್ಮನೆ ಕೂಡುತ್ತೇನೆ. ಈಗ ಎಲ್ಲಾ ಗೊತ್ತಾದ ಮೇಲೆ ಅಪ್ಪನ ಮೇಲೆ ಭಾಳ ಮರುಕ ಬಂತು. ಈ ಸಲ ತಿರುಗಿಬಿಡಲೇನು ಅಂತ ಅವ್ವನನ್ನು ಕೇಳಿದೆ. ಅವ್ವ ಅತ್ತುಬಿಟ್ಟಳು. ಆಮೇಲೆ, "ಬ್ಯಾಡವ್ವ, ಮುಚ್ಚಿಟ್ಟದ್ದು ಸಾಕು ಈ ಮನ್ಯಾಗ" ಅಂದಳು.

ಅದಕ್ಕೆ ಈ ಸಲ ಬಾಯಿಲೇ ಹೇಳುತ್ತೇನೆ. ಅಪ್ಪಾ, ಈ ಕಡೆ ಬಾ, ಬಲಗಡೆ ಬಂದು ಕರಿ, ಅಂತ.